ರುಜು ಯಾರದು, ಸೀರೆ ಯಾರದು?

ರಸೀದಿ ಪುಸ್ತಕ ಕಂಕುಳಲ್ಲಿಟ್ಟುಕೊಂಡು ನಾಲ್ಕು ಜನ ಅಂಗಡಿ ಮೆಟ್ಟಿಲು ಹತ್ತಿದರೆ ಸಾಕು, ಕೊಳ್ಳೇಗಾಲದ ಯಾವ ವರ್ತಕನಿಗೂ ಬಂದ ಕಾರಣ ಹೇಳಬೇಕಾಗಿಲ್ಲ. 'ಯಜಮಾನ್ರು ಇಲ್ಲ, ನಾಳೆ ಬನ್ನಿ' ಎಂಬ ಉತ್ತರ ಗಲ್ಲಾಪೆಟ್ಟಿಗೆಯ ಹಿಂದೆ ಸದಾ ಸಿದ್ಧವಾಗಿರುತ್ತದೆ. ಹಾಗೆ ಹೇಳುವವರೇ ಎಷ್ಟೋ ಸಲ ಯಜಮಾನರಾಗಿರುತ್ತಾರೆ, ಅದು ಬೇರೆ ಮಾತು. ಗಣಪತಿಗೆ ಒಂದು ರಸೀದಿ, ಮಾರಿಹಬ್ಬಕ್ಕೆ ಒಂದು, ರಾಜ್ಯೋತ್ಸವಕ್ಕೆ ಒಂದು, ಶಾಲೆಯ ಸೂರಿಗೆ ಒಂದು. ಕೊಡುವವರು ಎಷ್ಟು ಅಂತ ಕೊಟ್ಟಾರು?

ಈ ರಸೀದಿ ಪುಸ್ತಕದ ಕಾಟ ತಪ್ಪಿಸಲು ಪೇಟೆಗಳ ಕಡೆ ಇನ್ನೊಂದು ದಾರಿ ಚೆನ್ನಾಗಿ ನಡೆಯುತ್ತಿದೆ. ಹೆಸರಾಂತ ಆಟಗಾರರಿಂದಲೋ ನಟರಿಂದಲೋ ಬಟ್ಟೆಯ ಮೇಲೆ ರುಜು ಹಾಕಿಸುವುದು, ಅದನ್ನು ಹರಾಜು ಕೂಗುವುದು, ಬಂದ ಹಣವನ್ನು ಧರ್ಮಕಾರ್ಯಕ್ಕೆ ಕೊಡುವುದು. ಕೈಮಗ್ಗದ ಊರಾದ ಕೊಳ್ಳೇಗಾಲಕ್ಕೂ, ಬೆಂಗಳೂರಿನ ಕಾರುಗಳು ದಿನಾ ನಿಂತು ಹೋಗುವ ಸತ್ತೇಗಾಲ ಹ್ಯಾಂಡ್‌ಪೋಸ್ಟಿಗೂ ಈ ಉಪಾಯ ಹೇಳಿ ಮಾಡಿಸಿದಂತಿದೆ. ಬಟ್ಟೆ ಇಲ್ಲೇ ಇದೆ. ಭರಚುಕ್ಕಿ, ಗಗನಚುಕ್ಕಿ ನೋಡಲು ಬರುವವರ ಪೈಕಿ ರುಜು ಹಾಕುವ ದೊಡ್ಡ ಮನುಷ್ಯರೂ ಉಂಟು. ಆದರೆ ಈ ಕೆಲಸಕ್ಕೆ ಕೈಹಾಕುವ ಸಂಘದವರು ಮೊದಲೇ ಇತ್ಯರ್ಥ ಮಾಡಿಕೊಳ್ಳಬೇಕಾದ ಮಾತೊಂದಿದೆ. ಬಟ್ಟೆ ನೇಯ್ದವನಿಗೆ ಏನು ಸಿಗುತ್ತದೆ?

ರುಜುವಿಗೆ ಎಷ್ಟು ಬೆಲೆ ಅನ್ನುವವರಿಗೆ ಒಂದೆರಡು ಲೆಕ್ಕ. ಕರ್ನಾಟಕದ ಹುಡುಗ ಕೆ.ಎಲ್. ರಾಹುಲ್ 2020ರಲ್ಲಿ ತಮ್ಮ ಬ್ಯಾಟು, ಪ್ಯಾಡು, ಅಂಗಿಗಳನ್ನು ಹರಾಜಿಗಿಟ್ಟು ಮಕ್ಕಳ ಸಹಾಯಕ್ಕೆಂದು ಸುಮಾರು 8 ಲಕ್ಷ ರೂಪಾಯಿ ಎತ್ತಿದರು. 2024ರ ಆಗಸ್ಟಿನಲ್ಲಿ ಅವರೂ ಅವರ ಪತ್ನಿ ಅಥಿಯಾ ಶೆಟ್ಟಿಯವರೂ ಸೇರಿ ಕ್ರಿಕೆಟಿಗರ ಸಾಮಾನುಗಳನ್ನು ಹರಾಜು ಹಾಕಿಸಿದಾಗ ಒಟ್ಟು 1 ಕೋಟಿ 93 ಲಕ್ಷ ಬಂತು. ಕಿವಿ ಕೇಳದ, ಬುದ್ಧಿ ಬೆಳವಣಿಗೆಯಲ್ಲಿ ಹಿಂದುಳಿದ ಮಕ್ಕಳಿಗಾಗಿ ದುಡಿಯುವ ವಿಪ್ಲಾ ಫೌಂಡೇಶನ್ನಿಗೆ ಆ ಹಣ. ಅದರಲ್ಲಿ ವಿರಾಟ್ ಕೊಹ್ಲಿಯ ಒಂದು ಅಂಗಿಗೇ 40 ಲಕ್ಷ! ರಾಹುಲ್ ದ್ರಾವಿಡ್ ಅವರ ಬ್ಯಾಟಿಗೆ 11 ಲಕ್ಷ. ಕೊಹ್ಲಿಯ ಅಂಗಿ ರೇಷ್ಮೆಯದಲ್ಲ, ಜರಿಯದಲ್ಲ. ಯಂತ್ರದಲ್ಲಿ ಹೊರಬಿದ್ದ ಪಾಲಿಯೆಸ್ಟರ್ ಬಟ್ಟೆ. ಅಂಥದೇ ಅಂಗಿ ಸಂತೆಯಲ್ಲಿ ಸಿಕ್ಕಿದರೆ ಬೆಲೆ ಕೇಳಿ ಚೌಕಾಸಿ ಮಾಡಿ ಕೆಳಗಿಟ್ಟು ಹೋಗುವ ಜನವೇ ಹೆಚ್ಚು.

ಹೆಸರನ್ನು ಬಟ್ಟೆಯೊಳಗೇ ನೇಯಿಸಿದ ಉದಾಹರಣೆಯೂ ಇದೆ. 2015ರ ಜನವರಿಯಲ್ಲಿ ಪ್ರಧಾನಿ ನರೇಂದ್ರ ಮೋದಿಯವರು ಅಮೆರಿಕದ ಅಧ್ಯಕ್ಷ ಒಬಾಮ ಬಂದಾಗ ತೊಟ್ಟಿದ್ದ ಸೂಟಿನ ಪಟ್ಟೆಗಳು ಬರೀ ಪಟ್ಟೆಗಳಾಗಿರಲಿಲ್ಲ, ಅವರ ಹೆಸರಿನ ಅಕ್ಷರಗಳೇ ಸಾಲುಸಾಲಾಗಿದ್ದವು. ಟೀಕೆ ಬಹಳ ಬಂತು. ಮರುತಿಂಗಳೇ ಸೂರತ್ತಿನಲ್ಲಿ ಅದು 4 ಕೋಟಿ 31 ಲಕ್ಷಕ್ಕೆ ಹರಾಜಾಗಿ, ಹಣ ಗಂಗಾ ಶುದ್ಧೀಕರಣಕ್ಕೆ ಹೋಯಿತು. ಸೂಟು ತೊಟ್ಟವರು ಯಾರು ಎಂಬುದು ದೇಶಕ್ಕೆಲ್ಲ ಗೊತ್ತು. ಕೊಂಡವರು ಯಾರು ಎಂಬುದೂ ಪತ್ರಿಕೆಗಳಲ್ಲಿ ಬಂತು. ಮಗ್ಗದ ಮುಂದೆ ನಿಂತಿದ್ದವನು ಯಾರು ಅಂತ ಕೇಳಿದವರನ್ನು ಕಾಣೆವು.

ಇದು ಇವತ್ತಿನ ಹುಚ್ಚು ಅಂತ ತಳ್ಳಿಹಾಕುವಂತೆಯೂ ಇಲ್ಲ. ದೇವಿಗೆ ಉಡಿಸಿದ ಸೀರೆಯನ್ನು ಗುಡಿಯಲ್ಲಿ ಹರಾಜು ಕೂಗಿದಾಗ ಅಂಗಡಿ ಬೆಲೆಗಿಂತ ಹೆಚ್ಚು ಕೊಟ್ಟು ಕಣ್ಣಿಗೊತ್ತಿಕೊಂಡು ಒಯ್ಯುವುದು ಈ ಸೀಮೆಗೆ ಹೊಸದೇ? ಜಾತ್ರೆಯ ಹರಾಜಿನಲ್ಲಿ ನಿಂಬೆಹಣ್ಣಿಗೂ ಸಾವಿರ ಎಣಿಸುತ್ತಾರೆ. ಬೆಲೆ ಹಣ್ಣಿನದಲ್ಲ, ಯಾರ ಪಾದದಿಂದ ಬಂತು ಎಂಬುದರದು.

ರುಜುವಿಗೆ ಬೆಲೆ ಕಟ್ಟಿ ವಸೂಲು ಮಾಡಿದವರಲ್ಲಿ ಗಾಂಧೀಜಿಯವರನ್ನು ಮೀರಿಸಿದವರಿಲ್ಲ. ಒಂದು ರುಜುವಿಗೆ ಐದು ರೂಪಾಯಿ, ಹಣ ಹರಿಜನ ನಿಧಿಗೆ. ಕಡ ಇಲ್ಲ, ರಿಯಾಯಿತಿ ಇಲ್ಲ. 1933ರ ನವೆಂಬರಿನಿಂದ 1934ರ ಮಧ್ಯಭಾಗದವರೆಗೆ ದೇಶ ಸುತ್ತಿದ ಆ ಪ್ರವಾಸದಲ್ಲಿ ಸುಮಾರು 8 ಲಕ್ಷ ರೂಪಾಯಿ ಕೂಡಿತು. ಬಿನ್ನವತ್ತಳೆ ಓದಿ ಕೈಗಿತ್ತರೆ ಅದನ್ನೇ ಅಲ್ಲೇ ಹರಾಜು ಕೂಗುತ್ತಿದ್ದರು ಆ ಮುದುಕರು. 1934ರ ಫೆಬ್ರವರಿಯಲ್ಲಿ ಕೊಡಗಿಗೆ ಬಂದಾಗ ಕಥೆಗಾರ್ತಿ ಕೊಡಗಿನ ಗೌರಮ್ಮನವರು, ಗಾಂಧೀಜಿ ಮನೆಗೆ ಬರಲೇಬೇಕೆಂದು ಉಪವಾಸ ಕೂತು, ಬಂದ ಮೇಲೆ ಮಾಂಗಲ್ಯ, ಓಲೆ, ಮೂಗುಬೊಟ್ಟು ಬಿಟ್ಟು ಉಳಿದ ಒಡವೆಗಳನ್ನು ನಿಧಿಗೆ ಕೊಟ್ಟದ್ದು ಕನ್ನಡಿಗರು ಮರೆಯದ ಸಂಗತಿ.

ಆದರೆ ಗಾಂಧೀಜಿಗೂ ಇವತ್ತಿನ ಹರಾಜುಗಾರರಿಗೂ ಒಂದು ವ್ಯತ್ಯಾಸ. ಅವರು ರುಜು ಹಾಕುವ ಕೈಯಿಂದಲೇ ನೂಲೂ ತೆಗೆಯುತ್ತಿದ್ದರು. 1947ರ ನವೆಂಬರಿನಲ್ಲಿ ಇಂಗ್ಲೆಂಡಿನ ರಾಜಕುಮಾರಿ ಎಲಿಜಬೆತ್ ಮದುವೆಗೆ ಅವರು ಕಳಿಸಿದ ಉಡುಗೊರೆ, ತಾವೇ ತೆಗೆದ ನೂಲಿನಿಂದ ಹೆಣೆಸಿದ ಒಂದು ಹಾಸುಬಟ್ಟೆ, ನಡುವೆ 'ಜೈ ಹಿಂದ್' ಎಂಬ ಅಕ್ಷರ. ಅರಮನೆಯ ಹಿರಿಯ ರಾಣಿ ಮೇರಿಯಮ್ಮನವರು ಅದನ್ನು ಗಾಂಧಿಯ ಕೌಪೀನವೆಂದು ತಿಳಿದು ಮುಖ ಸಿಂಡರಿಸಿದರಂತೆ. ಬಟ್ಟೆಯ ಬೆಲೆ ಎಲ್ಲರಿಗೂ ಒಂದೇ ಥರ ಕಾಣುವುದಿಲ್ಲ, ನೋಡಿ.

ಕೊಳ್ಳೇಗಾಲ ಎಂದರೆ ಹೊರಗಿನವರಿಗೆ ಮಾಟ ಮಂತ್ರವೇ ನೆನಪಾಗುವುದು ಈ ಊರಿನ ಹಣೆಬರಹ. ಬಸ್ಸಿನಲ್ಲಿ 'ಯಾವೂರು ಸ್ವಾಮಿ?' ಅಂದವರಿಗೆ 'ಕೊಳ್ಳೇಗಾಲ' ಅಂದರೆ ಪಕ್ಕದವರು ಸ್ವಲ್ಪ ಸರಿದು ಕೂರುತ್ತಾರೆ. ನಿಜಕ್ಕೂ ಈ ಸೀಮೆಯ ಮಂತ್ರ ಇದ್ದದ್ದು ಹಿಪ್ಪುನೇರಳೆ ಸೊಪ್ಪಿನಲ್ಲಿ, ರೇಷ್ಮೆ ಎಳೆಯಲ್ಲಿ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಅಷ್ಟು ದೊಡ್ಡ ಪ್ರಾಂತ್ಯದಲ್ಲಿ ರೇಷ್ಮೆ ಬೆಳೆ ಎಂದರೆ ಬಹುಪಾಲು ಈ ಒಂದು ತಾಲೂಕಿನದೇ ಆಗಿತ್ತು. ಪ್ರಾಂತ್ಯ ಬದಲಾಯಿತು, ಜಿಲ್ಲೆ ಬದಲಾಯಿತು, 1997ರಲ್ಲಿ ಚಾಮರಾಜನಗರ ಜಿಲ್ಲೆಯೂ ಆಯಿತು. ಮದುವೆ ಜವಳಿಗೆಂದು ಬೆಂಗಳೂರಿನಿಂದ ಬರುವ ಕುಟುಂಬಗಳು ಮಾತ್ರ ಇವತ್ತಿಗೂ ದೇವಾಂಗರ ಬೀದಿ ಕೇಳಿಕೊಂಡೇ ಬರುತ್ತವೆ.

ಅಲ್ಲಿ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತವರ ಸಂಪಾದನೆ ಎಷ್ಟು? ಇಡೀ ದೇಶದ ಕೈಮಗ್ಗದ ಎಣಿಕೆ 2019-20ರಲ್ಲಿ ನಡೆಯಿತು. ಅದರ ಪ್ರಕಾರ ನೇಕಾರ ಕುಟುಂಬಗಳಲ್ಲಿ ಮೂರರಲ್ಲಿ ಎರಡು ಪಾಲಿನವರ ತಿಂಗಳ ಆದಾಯ 5,000 ರೂಪಾಯಿಗಿಂತ ಕಡಿಮೆ. ಸಂಬಳ ಒಬ್ಬರದಲ್ಲ, ಇಡೀ ಕುಟುಂಬದ್ದು. ರಾಟೆ ಸುತ್ತುವ ಅಜ್ಜಿ, ಹಾಸು ಹೂಡುವ ಮಗ, ಲಾಳಿ ತಳ್ಳುವ ಯಜಮಾನ, ಎಲ್ಲ ಸೇರಿ. ಕೊಹ್ಲಿಯ ಅಂಗಿಗೆ ಬಂದ 40 ಲಕ್ಷವನ್ನು ಈ 5,000ದಿಂದ ಭಾಗಿಸಿದರೆ 800 ತಿಂಗಳು, ಅಂದರೆ ಅರವತ್ತಾರು ವರ್ಷ ಮೇಲೆ ಎಂಟು ತಿಂಗಳು. ಒಂದು ಅಂಗಿ, ಎರಡು ತಲೆಮಾರಿನ ಮಗ್ಗದ ದುಡಿಮೆ. ರಾಜ್ಯ ಸರ್ಕಾರ 2020ರಲ್ಲಿ 'ನೇಕಾರ ಸಮ್ಮಾನ್' ಎಂದು ಶುರು ಮಾಡಿದ ಯೋಜನೆಯಲ್ಲಿ ಕೊಟ್ಟದ್ದು ವರ್ಷಕ್ಕೆ 2,000, ಆಮೇಲೆ ಅದನ್ನು 5,000ಕ್ಕೆ ಏರಿಸಿತು. ಹೆಸರು ಚೆನ್ನಾಗಿದೆ.

ಇಷ್ಟು ತಿಳಿದ ಮೇಲೆ ರುಜು ಹರಾಜಿನ ಚಿತ್ರ ಹೇಗೆ ಕಾಣುತ್ತದೆ, ಯೋಚಿಸಬೇಕು. ಸಂಘದವರು ಮೊದಲು ಹೋಗುವುದು ನೇಕಾರರ ಮನೆಗೆ. 'ಒಳ್ಳೇ ಕೆಲಸ ಕಣಣ್ಣ, ಶಾಲೆ ಮಕ್ಕಳಿಗೆ. ಒಂದು ಸೀರೆ ನಿನ್ನ ಕಡೆಯಿಂದ ಇರಲಿ' ಎನ್ನುತ್ತಾರೆ. ಆತ ಇಲ್ಲ ಎನ್ನುವ ಹಾಗಿಲ್ಲ. ಊರವರು, ನಾಳೆ ಮುಖ ನೋಡಬೇಕು. ನಟರು ಅರ್ಧ ನಿಮಿಷದಲ್ಲಿ ರುಜು ಹಾಕುತ್ತಾರೆ. ಸೀರೆ ಹತ್ತು ಪಟ್ಟು ಬೆಲೆಗೆ ಹೋಗುತ್ತದೆ. ವೇದಿಕೆಯ ಮೇಲೆ ನಟರಿಗೆ ಪೇಟ, ಕೊಂಡವರಿಗೆ ಹಾರ, ಸಂಘದ ಅಧ್ಯಕ್ಷರಿಗೆ ಫೋಟೋ. ಹದಿನೈದು ದಿನ ಕೂತು ನೇಯ್ದವನು ಕುರ್ಚಿ ಸಾಲದೆ ಹಿಂದೆ ನಿಂತಿರುತ್ತಾನೆ. ಲೆಕ್ಕ ಹಾಕಿ ನೋಡಿದರೆ ತನ್ನ ಗಳಿಕೆಯಲ್ಲಿ ಅತಿ ದೊಡ್ಡ ಪಾಲು ಕೊಟ್ಟ ದಾನಿ ಅವನೇ. ಅವನ ಹೆಸರು ಮಾತ್ರ ಆಹ್ವಾನ ಪತ್ರಿಕೆಯಲ್ಲೂ ಇಲ್ಲ.

ನಟರ ತಪ್ಪು ಇದರಲ್ಲಿಲ್ಲ. ಕೊಳ್ಳೇಗಾಲ ಸೀಮೆಯ ಸಿಂಗಾನಲ್ಲೂರಿನ ಪುಟ್ಟಸ್ವಾಮಯ್ಯನವರ ಮಗ ಡಾ. ರಾಜ್‌ಕುಮಾರ್ ರಸಮಂಜರಿ ಹಾಡಿ ಕೂಡಿದ ಹಣವನ್ನು ಸತ್ಕಾರ್ಯಗಳಿಗೆ ಕೊಟ್ಟವರು, 2006ರಲ್ಲಿ ತೀರಿಕೊಂಡಾಗ ಕಣ್ಣನ್ನೂ ಕೊಟ್ಟು ಹೋದವರು. ಕೊಡುವ ಮನಸ್ಸಿನ ಕಲಾವಿದರಿಗೆ ಕನ್ನಡದಲ್ಲಿ ಬರ ಇಲ್ಲ. ಕೊಡಿಸುವವರ ಲೆಕ್ಕಾಚಾರದಲ್ಲೇ ಒಂದು ಸಾಲು ಬಿಟ್ಟುಹೋಗುತ್ತಿದೆ, ಅಷ್ಟೆ.

ಸತ್ತೇಗಾಲದವರಿಗೆ ಈ ಕಥೆ ಹೊಸದಾಗಿರಲಾರದು. ಊರ ಪಕ್ಕದ ಕಾವೇರಿಗೆ ಅಡ್ಡಲಾಗಿ ನಿಂತ ಹಳೇ ಕಲ್ಲು ಸೇತುವೆಯನ್ನೇ ನೋಡಿ. ವೆಲ್ಲೆಸ್ಲಿ ಸೇತುವೆ, ಜನರ ಬಾಯಲ್ಲಿ ವೆಸ್ಲಿ ಸೇತುವೆ. (ಶ್ರೀರಂಗಪಟ್ಟಣದಲ್ಲಿ ಪೂರ್ಣಯ್ಯನವರು ಕಟ್ಟಿಸಿದ್ದಕ್ಕೂ ಇದೇ ಹೆಸರು, ಅದಲ್ಲ, ಇದು ಬೇರೆ.) ಶಿವನಸಮುದ್ರದ ನಡುಗಡ್ಡೆ ಕಾಡುಬಿದ್ದಿದ್ದಾಗ ಹತ್ತೊಂಬತ್ತನೇ ಶತಮಾನದ ಮೊದಲ ಭಾಗದಲ್ಲಿ ರಾಮಸ್ವಾಮಿ ಮೊದಲಿಯಾರ್ ಎಂಬವರು ದೇವಸ್ಥಾನ, ಸೇತುವೆಗಳನ್ನು ಸರಿಪಡಿಸಿದರು. ಸರ್ಕಾರ ಮೆಚ್ಚಿ ಜಹಗೀರು ಕೊಟ್ಟು 'ಜನೋಪಕಾರ ಕಾಮಕರ್ತ' ಎಂದು ಬಿರುದು ಕೊಟ್ಟಿತು. ಆದರೆ ಸೇತುವೆಗಳಿಗೆ ಇಟ್ಟದ್ದು ಯಾರ ಹೆಸರು? ಒಂದಕ್ಕೆ ಗವರ್ನರ್ ಜನರಲ್ ವೆಲ್ಲೆಸ್ಲಿಯದು, ಇನ್ನೊಂದಕ್ಕೆ ಮದ್ರಾಸಿನ ಗವರ್ನರ್ ಲಷಿಂಗ್‌ಟನ್ನರದು. ದುಡ್ಡು ಹಾಕಿ ಮಾಡಿಸಿದವರಿಗೆ ಬಿರುದು, ದೊರೆಗಳಿಗೆ ಸೇತುವೆ, ಕಂಬದ ಕಲ್ಲು ಕೆತ್ತಿ ಹೊಳೆಗಿಳಿಸಿದವನಿಗೆ ಏನೂ ಇಲ್ಲ. 2018ರ ಪ್ರವಾಹದಲ್ಲಿ ವೆಸ್ಲಿ ಸೇತುವೆಯ ಒಂದು ಭಾಗ ಕೊಚ್ಚಿಹೋದಾಗ ಎಲ್ಲರೂ ಕಂಡದ್ದು ಆ ಹೆಸರಿಲ್ಲದವನ ಕೆಲಸವನ್ನೇ. ಉಳಿದ ಕಂಬಗಳು ಅಷ್ಟು ನೀರಿಗೂ ಜಗ್ಗದೆ ನಿಂತಿದ್ದವು.

ನೇಕಾರ ಹೆಸರು ಹಾಕಬಾರದು ಅಂತ ಕನ್ನಡದ ಪದ್ಧತಿ ಏನಾದರೂ ಇದೆಯೇ ಅಂದರೆ, ಇಲ್ಲ. ವಚನಕಾರರ ಅಂಕಿತ ಎಂದರೆ ರುಜುವೇ ತಾನೆ? ಜೇಡರ ದಾಸಿಮಯ್ಯ ವೃತ್ತಿಯಿಂದ ನೇಕಾರ, ವಚನದ ಕೊನೆಗೆ 'ರಾಮನಾಥ' ಎಂದು ಅಂಕಿತ ಒತ್ತಿದವರು. ಅವರು ನೇಯ್ದ ಬಟ್ಟೆಯನ್ನು ಸಂತೆಗೆ ಒಯ್ಯುವಾಗ ಒಬ್ಬ ಜಂಗಮ ಬೇಡಿದನಂತೆ, ಕೊಟ್ಟರಂತೆ, ಆತ ಅದನ್ನು ಹರಿದು ಚೂರು ಮಾಡಿದನಂತೆ, ಆದರೂ ದಾಸಿಮಯ್ಯ ಸಿಟ್ಟಾಗಲಿಲ್ಲವಂತೆ. ಕೊನೆಗೆ ಶಿವ ಬರಿದಾಗದ ತವನಿಧಿ ಕೊಟ್ಟ ಎನ್ನುವುದು ಕಥೆ. ಬಟ್ಟೆ ಬಿಟ್ಟಿ ಕೇಳುವವರಿಗೆ ಈ ಕಥೆಯ ಮೊದಲರ್ಧ ಚೆನ್ನಾಗಿ ನೆನಪಿರುತ್ತದೆ. ತವನಿಧಿ ಕೊಡುವ ಸರದಿ ತಮ್ಮದು ಅನ್ನುವುದು ನೆನಪಿರುವುದಿಲ್ಲ.

ಮೈಸೂರು ರೇಷ್ಮೆಯ ಸರ್ಕಾರಿ ಸೀರೆಗೆ ಒಂದೊಂದಕ್ಕೂ ಒಂದು ನಂಬರು ಇರುತ್ತದೆ. 2004ರಿಂದ ಸಿಲ್ಕ್ ಮಾರ್ಕ್, 2006ರಿಂದ ಹ್ಯಾಂಡ್‌ಲೂಮ್ ಮಾರ್ಕ್ ಎಂಬ ಮುದ್ರೆಗಳು ಬಂದಿವೆ. ಮೋಸ ತಡೆಯಲು ಅವು ಬೇಕು, ಒಪ್ಪಿದ ಮಾತು. ಆದರೆ ನಂಬರು ಹೆಸರಾಗುವುದಿಲ್ಲ.

ಹಾಗಾದರೆ ಈ ಹರಾಜು ಬೇಡವೇ? ಖಂಡಿತ ಬೇಕು. ರಸೀದಿ ಪುಸ್ತಕಕ್ಕಿಂತ ಎಷ್ಟೋ ಮೇಲು. ಮಾಡುವ ಕ್ರಮದಲ್ಲಿ ಮಾತ್ರ ಕಟ್ಟುನಿಟ್ಟು ಇರಲಿ. ಬಟ್ಟೆಗೆ ಅಂಗಡಿಯಲ್ಲಿ ಎಷ್ಟೋ ಅಷ್ಟು ಹಣವನ್ನು ನೇಕಾರನ ಕೈಗೆ ಮೊದಲು ಎಣಿಸಬೇಕು. ಆಮೇಲೆ ಆತ ತಾನಾಗಿ ಏನಾದರೂ ಕೊಟ್ಟರೆ ಅದು ದಾನ. ಹರಾಜಿನಲ್ಲಿ ಬಟ್ಟೆಯ ಬೆಲೆ ಕಳೆದು ಮಿಕ್ಕದ್ದರಲ್ಲಿ ಒಂದು ಪಾಲು ಮಗ್ಗದ ಮನೆಗೆ ಹೋಗುವಂತೆ ಮುಂಚೆಯೇ ಬರೆದಿಡಬೇಕು. ನಟರ ರುಜು ಎಲ್ಲಿರುತ್ತದೋ ಅದರ ಮಗ್ಗುಲಲ್ಲೇ ನೇಯ್ದವರ ಹೆಸರೂ ಬರಬೇಕು. ಬರೆಯಲು ಬಾರದ ಹಿರಿಯರಾದರೆ ಅವರ ಮನೆಯ ಗುರುತು ಒಂದನ್ನು ಕಸೂತಿ ಹಾಕಿದರೂ ಆದೀತು.

ಇನ್ನು ಕೆಲಸದ ಮಾತು. ರೇಷ್ಮೆಯ ಮೇಲೆ ಮಾಮೂಲಿ ಇಂಕು ಪೆನ್ನಿಟ್ಟರೆ ಶಾಯಿ ಎಳೆ ಹಿಡಿದು ಹರಡಿ ರುಜು ಜೇಡರ ಹುಳುವಾಗುತ್ತದೆ. ಬಾಲ್‌ಪೆನ್ನಿನ ಮೊನೆ ನೂಲಿಗೆ ಸಿಕ್ಕಿಕೊಳ್ಳುತ್ತದೆ. ಬಟ್ಟೆಗೆಂದೇ ಸಿಗುವ ಮಾರ್ಕರ್ ತಂದು, ಬಟ್ಟೆಯನ್ನು ಚೌಕಟ್ಟಿಗೆ ಬಿಗಿದು ಕೊಟ್ಟರೆ ಕೈ ಓಡುತ್ತದೆ. ಆ ಗೆರೆಯ ಮೇಲೆ ದಾರದಲ್ಲಿ ಹೊಲಿಸಿಬಿಟ್ಟರೆ ನೂರು ವರ್ಷ ಇರುತ್ತದೆ. ಇಡೀ ಸೀರೆಯ ಮೇಲೆ ರುಜು ಹಾಕಿಸಿ ಉಡಲೂ ಆಗದೆ ಒಗೆಯಲೂ ಆಗದೆ ಬೀರುವಿನಲ್ಲಿಡುವುದಕ್ಕಿಂತ ಮೊಳದುದ್ದದ ತುಂಡುಗಳ ಮೇಲೆ ಹಾಕಿಸುವುದು ಬುದ್ಧಿವಂತಿಕೆ. ಅಮೆರಿಕದ ರೋಡ್ ಐಲೆಂಡಿನ ಅಡೆಲಿನ್ ಹ್ಯಾರಿಸ್ ಎಂಬ ಹುಡುಗಿ 1856ರಲ್ಲಿ ಮಾಡಿದ್ದು ಇದನ್ನೇ. ಪುಟ್ಟ ಪುಟ್ಟ ರೇಷ್ಮೆ ತುಂಡುಗಳನ್ನು ಅಂಚೆಯಲ್ಲಿ ಕಳಿಸಿ, ಅಬ್ರಹಾಂ ಲಿಂಕನ್, ಚಾರ್ಲ್ಸ್ ಡಿಕನ್ಸ್ ಸೇರಿ 360 ಮಂದಿಯ ರುಜು ತರಿಸಿ ಒಂದು ಕೌದಿ ಹೊಲಿದಳು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿ ಅದು ಇವತ್ತಿಗೂ ಇದೆ. ಅಲ್ಲಿ ಮಾತ್ರ ರುಜು ಹಾಕಿದವರ ಜತೆಗೆ ಹೊಲಿದವಳ ಹೆಸರೂ ಉಳಿಯಿತು.

ಸಿನಿಮಾದವರೂ ಆಟಗಾರರೂ ಸಿಗದಿದ್ದರೆ ಕೆಲಸ ನಿಲ್ಲಬೇಕಾಗಿಯೂ ಇಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ, 1917ರ ಸುಮಾರಿಗೆ, ಅಮೆರಿಕದ ಹೆಂಗಸರು ರೆಡ್ ಕ್ರಾಸಿಗೆ ಹಣ ಕೂಡಿಸಿದ್ದು ಊರವರ ಹೆಸರಿನಿಂದಲೇ. ಚಿಲ್ಲರೆ ಕಾಸು ಕೊಟ್ಟವರ ಹೆಸರನ್ನು ಬಿಳಿ ಬಟ್ಟೆಯ ಮೇಲೆ ಕೆಂಪು ದಾರದಲ್ಲಿ ಹೊಲಿದರು. ಆಯಕಟ್ಟಿನ ಜಾಗದಲ್ಲಿ ಹೆಸರು ಬೇಕೆಂದವರಿಂದ ಹೆಚ್ಚು ವಸೂಲು ಮಾಡಿದರು. ಕೊನೆಗೆ ಕೌದಿಯನ್ನೂ ಮಾರಿದರು. ಕೊಳ್ಳೇಗಾಲದಿಂದ ಸತ್ತೇಗಾಲದವರೆಗೆ ಮುನ್ನೂರು ಅಂಗಡಿ ಲೆಕ್ಕಕ್ಕೆ ಸಿಕ್ಕರೆ, ಹೆಸರಿಗೆ 200 ರೂಪಾಯಿಯಂತೆ 60,000 ಆಯಿತು. ನಡುವಿನ ಚೌಕಕ್ಕೆ ಜವಳಿ ಅಂಗಡಿಯವರಿಗೂ ಅಕ್ಕಿ ಮಂಡಿಯವರಿಗೂ ಪೈಪೋಟಿ ಬಿದ್ದರೆ ಇನ್ನೂ ಒಳ್ಳೆಯದು. ಗೋಡೆಯ ಮೇಲಿನ ಫಲಕದಲ್ಲಿ ಹೆಸರು ಸಣ್ಣದಾಯಿತೆಂದು ಮುನಿಸಿಕೊಳ್ಳುವ ಮಹನೀಯರಿಗೆ ಇದು ಹಿಡಿಸಬಹುದು.

ಎರಡು ಎಚ್ಚರಿಕೆ. ಟಿಕೆಟ್ ಹರಿದು, ಚೀಟಿ ಎತ್ತಿ, ಗೆದ್ದವರಿಗೆ ಸೀರೆ ಕೊಡುವ ಯೋಚನೆಯವರು ಕರ್ನಾಟಕದಲ್ಲಿ 2007ರಲ್ಲೇ ಲಾಟರಿ ನಿಷೇಧವಾದದ್ದನ್ನು ನೆನೆದು ವಕೀಲರನ್ನು ಕೇಳಿಯೇ ಮುಂದುವರಿಯಲಿ. ದಾನದ ರಸೀದಿ ತೋರಿಸಿ ಆದಾಯ ತೆರಿಗೆಯಲ್ಲಿ ವಿನಾಯಿತಿ ಕೇಳುವ ವರ್ತಕರು 2017ರಿಂದ 2,000 ರೂಪಾಯಿಗೆ ಮೇಲ್ಪಟ್ಟ ನಗದು ದಾನಕ್ಕೆ ಅದು ಸಿಗುವುದಿಲ್ಲ ಎಂಬುದನ್ನು ಮರೆಯದಿರಲಿ. ಚೆಕ್ಕಿನಲ್ಲೋ ಬ್ಯಾಂಕಿನ ಮೂಲಕವೋ ಕೊಟ್ಟರೆ ಇಬ್ಬರಿಗೂ ಕ್ಷೇಮ. ಖೋಟಾ ರುಜುವಿನ ಕಾಟವೂ ಉಂಟು. ರುಜು ಹಾಕುವಾಗಲೇ ಫೋಟೋ ತೆಗೆದು, ತುಂಡಿಗೊಂದು ನಂಬರು ಕೊಟ್ಟು, ಪುಸ್ತಕದಲ್ಲಿ ದಾಖಲು ಮಾಡಿದರೆ ಕೊಂಡವರಿಗೆ ಧೈರ್ಯ.

ಹರಾಜು ಮುಗಿದ ಎಂಟು ದಿನದೊಳಗೆ ಲೆಕ್ಕ ಹೊರಬೀಳಬೇಕು. ಬಟ್ಟೆಗೆ ಕೊಟ್ಟದ್ದೆಷ್ಟು, ನೇಯ್ದವರು ಯಾರು, ಹರಾಜಿನಲ್ಲಿ ಬಂದದ್ದೆಷ್ಟು, ಶಾಮಿಯಾನ ಮೈಕಿಗೆ ಹೋದದ್ದೆಷ್ಟು, ಶಾಲೆಗೆ ಮುಟ್ಟಿದ್ದೆಷ್ಟು. ಸಂಘದ ಕಚೇರಿಯ ಬೀರುವಿನೊಳಗಲ್ಲ, ಸತ್ತೇಗಾಲ ಹ್ಯಾಂಡ್‌ಪೋಸ್ಟಿನಲ್ಲಿ, ಬಸ್ಸು ನಿಲ್ಲುವ ಜಾಗದಲ್ಲಿ, ದಪ್ಪ ಅಕ್ಷರದಲ್ಲಿ ಅಂಟಿಸಲಿ. ಬಸ್ಸು ಕಾಯುವವರಿಗೆ ಓದಲು ಹೊತ್ತು ಬೇಕಾದಷ್ಟಿದೆ.